ಕೊಳಕುಮಂಡಲ ಅಂದ್ರೆ ಯಾವ ಹಾವು?

ಭಾಗ 1

ಫೋಟೊದಲ್ಲಿ ಹಾವಿಲ್ಲ, ಜೂಮ್ ಮಾಡಿ ಹುಡುಕಬೇಡಿ. ಭದ್ರಾವತಿ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟದ ಕಾಲುದಾರಿ ಇದು. ಎಡಗಡೆ ಕಾಣೋ ಸೋಗೆ ರಾಶಿ ಪಕ್ಕದಲ್ಲೇ ಅವತ್ತು ಆಗಿದ್ದು.

ಕಳೆದ ಮಳೆಗಾಲ, ಸಂಜೆ ಆರೂವರೆ. ಚಿಕ್ಕಪ್ಪ ದನಕ್ಕೆ ಹುಲ್ಲು ಕೊಯ್ದು ಹೊರೆ ತಲೆ ಮೇಲೆ ಇಟ್ಕೊಂಡು ಬರ್ತಿದ್ರು. ಹೊರೆ ಇದ್ದಿದ್ದರಿಂದ ಕೆಳಗೆ ಕಾಣಲಿಲ್ಲ. ಪಾದದ ಮೇಲೆ ಕಚ್ತು. ಕೂಗು ಕೇಳಿ ನಾವೆಲ್ಲ ಓಡಿದ್ವಿ. ಹಾವು ಇನ್ನೂ ಅಲ್ಲೇ ಇತ್ತು, ನಿಧಾನಕ್ಕೆ ಸೋಗೆ ಒಳಗೆ ಹೋಗ್ತಿತ್ತು. ನಾಲ್ಕು ಜನ ನೋಡಿದ್ವಿ.

ಇಲ್ಲಿಂದ ಮುಂದೆ ನಡೆದದ್ದು ಹೇಳೋಕೆ ನಂಗೆ ಈಗಲೂ ಒಂಥರಾ ನಾಚಿಕೆ. ಚಿಕ್ಕಮ್ಮ ‘ಕೊಳಕುಮಂಡಲ’ ಅಂದ್ರು. ಪಕ್ಕದ ತೋಟದವರು ‘ಅಲ್ಲ, ಅದು ಉರಿಮಂಡಲ’ ಅಂದ್ರು. ನಮ್ಮಜ್ಜಿ ತೀರ್ಥಹಳ್ಳಿ ಕಡೆಯವರು. ಅವರ ತವರಲ್ಲಿ ಕೊಳಕುಮಂಡಲ ಅಂದ್ರೆ ತರಗೆಲೆ ಮಧ್ಯ ಎಲೆ ಥರಾನೇ ಮಲಗಿರೋ ಒಂದು ಗಿಡ್ಡ ಹಾವಂತೆ. ‘ಇಷ್ಟು ದಪ್ಪ ಇರೋದು ಹೆಬ್ಬಾವಿನ ಮರಿ ಕಣ್ರೋ, ವಿಷ ಇಲ್ಲ, ಅರಿಶಿನ ಹಚ್ಚಿ’ ಅಂದ್ರು. ಅಜ್ಜಿ ಅಂದ್ರೆ ಮನೇಲಿ ಹೈಕೋರ್ಟ್. ಅರಿಶಿನ ಹಚ್ಚಿದ್ದೂ ಆಯ್ತು. ಅಷ್ಟರಲ್ಲಿ ಯಾರೋ ಉರಿಮಂಡಲಕ್ಕೆ ನಾಟಿ ಔಷಧಿ ಕೊಡೋರೊಬ್ಬರ ನಂಬರ್ ಹುಡುಕ್ತಿದ್ರು. ಹೀಗೆ ಹೆಸರಿನ ಮೇಲೆ ಮಾತಾಡ್ತಾ ಮಾತಾಡ್ತಾ ನಲವತ್ತು ನಿಮಿಷ ಹೋಯ್ತು. ಚಿಕ್ಕಪ್ಪನ ಕಾಲು ಮೊಣಕಾಲವರೆಗೆ ಊದಿಕೊಂಡಾಗಲೇ ಕಾರು ತೆಗೆದದ್ದು.

ಆಸ್ಪತ್ರೇಲಿ ಡ್ಯೂಟಿ ಡಾಕ್ಟರು ‘ಯಾವ ಹಾವು?’ ಅಂದ್ರು. ಮೂರು ಬಾಯಿಂದ ಮೂರು ಹೆಸರು ಬಂತು. ಅವರು ಮುಖ ನೋಡಿ ಸುಮ್ಮನಾಗಿ, ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ ಇಟ್ರು. ಇಪ್ಪತ್ತು ನಿಮಿಷ ಬಿಟ್ಟು ಟ್ಯೂಬ್ ಓರೆ ಮಾಡಿದ್ರೆ ರಕ್ತ ನೀರಿನ ಹಾಗೆ ಹರೀತು. ಹೆಪ್ಪುಗಟ್ಟಿರಲಿಲ್ಲ. ಪ್ರತಿವಿಷ ಶುರು ಮಾಡಿದ್ರು.

ನಾನು ಬೆಂಚಿನ ಮೇಲೆ ಕೂತು, ಕೈಗೆ ಏನಾದ್ರೂ ಕೆಲಸ ಬೇಕು ಅಂತ, ಖಾಲಿ ಪೊಟ್ಟಣದ ಒಳಗಿನ ಚೀಟಿ ಓದಿದೆ. ನಾಲ್ಕು ಹಾವಿನ ವಿಷಕ್ಕೆ ಈ ಔಷಧಿ ಅಂತ ಇತ್ತು. ನಾಲ್ಕೂ ಇಂಗ್ಲಿಷ್, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಲ್ಯಾಟಿನ್. ಮನೇಲಿ ನಲವತ್ತು ನಿಮಿಷ ಕಿತ್ತಾಡಿದ ಒಂದು ಹೆಸರೂ ಅದರಲ್ಲಿರಲಿಲ್ಲ.

ಈ ಸರಣಿ ಹುಟ್ಟಿದ್ದು ಆ ಬೆಂಚಿನ ಮೇಲೆ. (ಚಿಕ್ಕಪ್ಪ ಬದುಕಿದ್ದಾರೆ. ಕಥೆಗೆ ಸಸ್ಪೆನ್ಸ್ ಬೇಕು ಅಂತ ಅವರ ವಿಷಯ ಮುಚ್ಚಿಡಲ್ಲ.)

ಭಾಗ 2

ನಾನು ಬಿಕಾಂ. ನಂಗೆ ಝೂವಾಲಜಿ ಬರಲ್ಲ, ಜಿಎಸ್‌ಟಿ ಬರುತ್ತೆ. ಹಾಗಾಗಿ ನಮ್ಮ ಭಾಷೇಲೇ ಶುರು ಮಾಡ್ತೀನಿ.

ಶಿವಮೊಗ್ಗ ಮಂಡಿಗೆ ಹೋದ್ರೆ ಅಡಿಕೆ ಅಂತ ಯಾರೂ ಕೇಳಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು. ಒಂದೊಂದಕ್ಕೂ ಒಂದೊಂದು ರೇಟು. ಈ ಹೆಸರುಗಳು ಗೊತ್ತಿಲ್ಲದವನು ಮಂಡೀಲಿ ಒಂದು ದಿನ ಬದುಕಲ್ಲ. ಆದ್ರೆ ಅದೇ ಅಡಿಕೆ ಬಂದರಿಗೆ ಹೋದ್ರೆ ಕಸ್ಟಮ್ಸ್‌ನವರಿಗೆ ‘ಗೊರಬಲು’ ಅಂದ್ರೆ ಏನೂ ಅಲ್ಲ. ಅಲ್ಲಿ 080280. ಎಚ್‌ಎಸ್‌ಎನ್ ಕೋಡ್. ಪ್ರಪಂಚದ ಯಾವ ಬಂದರಿನಲ್ಲಿ ಹೇಳಿದ್ರೂ ಅಡಿಕೆ ಅಂತಲೇ ಅರ್ಥ. ಆದ್ರೆ ಒಳ್ಳೇದಾ ಕೆಟ್ಟದ್ದಾ, ಈ ವರ್ಷದ್ದಾ ಹಳೇದಾ ಅಂತ ಆ ಕೋಡು ಹೇಳಲ್ಲ.

ಪ್ರಾಣಿಗಳ ವೈಜ್ಞಾನಿಕ ಹೆಸರು ಅಂದ್ರೆ ಹತ್ತಿರ ಹತ್ತಿರ ಇದೇ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ತನ್ನ ‘ಸಿಸ್ಟೆಮಾ ನೇಚುರೆ’ಯ ಹತ್ತನೇ ಆವೃತ್ತಿಯನ್ನ 1758ರಲ್ಲಿ ತಂದ. ಪ್ರತಿ ಪ್ರಾಣಿಗೂ ಎರಡು ಪದ. ಮೊದಲನೇದು ಕುಲ, ಎರಡನೇದು ಆ ಜಾತಿಯದ್ದೇ. ಪ್ರಾಣಿಗಳ ಹೆಸರಿನ ಲೆಕ್ಕ ಇವತ್ತಿಗೂ ಆ ಪುಸ್ತಕದಿಂದಲೇ ಶುರು, ಅದಕ್ಕಿಂತ ಹಿಂದಿನದು ಲೆಕ್ಕಕ್ಕಿಲ್ಲ. ನಮ್ಮ ನಾಗರಹಾವು, ಕೇರೆಹಾವು ಎರಡೂ ಆ ಪುಸ್ತಕದಲ್ಲೇ ಇವೆ. ಲಿನೇಯಸ್ ಭಾರತಕ್ಕೆ ಬಂದವನೇ ಅಲ್ಲ ಅನ್ನೋದು ಬೇರೆ ಮಾತು.

ಯಾಕೆ ಬೇಕಿತ್ತು ಇದು? 2022ರ ಸೆಪ್ಟೆಂಬರ್ 17 ನೆನಪಿದೆಯಾ? ನಮೀಬಿಯಾದಿಂದ ಎಂಟು ಚೀತಾ ಮಧ್ಯಪ್ರದೇಶದ ಕುನೋಗೆ ಬಂದ ದಿನ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಮಾವ ಒಬ್ಬರು ‘70 ವರ್ಷದ ನಂತರ ಭಾರತಕ್ಕೆ ಚಿರತೆ ವಾಪಸ್’ ಅಂತ ಹಾಕಿದ್ರು. ಅದನ್ನ ಓದಿ ಹೇಳಿದಾಗ ಅಜ್ಜಿ ಕೇಳಿದ್ದು: ‘ಎಲ್ಲಿಗೆ ಹೋಗಿತ್ತು? ಮೊನ್ನೆ ನಮ್ಮ ನಾಯಿ ಹೊತ್ಕೊಂಡು ಹೋಯ್ತಲ್ಲ!’

ಅಜ್ಜಿ ಹೇಳಿದ್ದೇ ಸರಿ. ತ್ಯಾವರೆಕೊಪ್ಪದ ಸಫಾರೀಲಿ ನಾವು ನೋಡೋದು, ತೋಟಕ್ಕೆ ನಾಯಿ ಹಿಡಿಯೋಕೆ ಬರೋದು ಚಿರತೆ. ಪ್ಯಾಂಥೆರಾ ಪಾರ್ಡಸ್. ಕುನೋಗೆ ಬಂದದ್ದು ಅಸಿನೋನಿಕ್ಸ್ ಜುಬೇಟಸ್. ಭಾರತದಲ್ಲಿ ಅದು ನಿರ್ನಾಮ ಆಗಿದೆ ಅಂತ ಸರ್ಕಾರ 1952ರಲ್ಲೇ ಹೇಳಿತ್ತು. ಮೈಮೇಲೆ ಚುಕ್ಕಿ ಇದೆ, ಎರಡು ಹೆಸರೂ ‘ಚಿ’ಯಿಂದ ಶುರು, ಅಷ್ಟೇ ಸಾಕಾಯ್ತು ಗೊಂದಲಕ್ಕೆ. ಇಂಗ್ಲಿಷ್‌ನವರೂ ಕಮ್ಮಿ ಇಲ್ಲ. ಭದ್ರಾ ಕಾಡಿನ ನಮ್ಮ ಕಾಟಿಯನ್ನ ‘ಬೈಸನ್’ ಅಂತ ಕರೆದು ಬಿಟ್ರು. ನಿಜವಾದ ಬೈಸನ್ ಅಮೆರಿಕಾ, ಯುರೋಪಲ್ಲಿರೋದು, ಕುಲವೇ ಬೇರೆ. ಬೈಸನ್ ಅನ್ನೋ ಹೆಸರಿನ ಲಾಡ್ಜಿಗೆ ಹೋಗಿ ಕಾಟಿ ನೋಡ್ಕೊಂಡು ಬರ್ತೀವಿ, ಯಾರೂ ದುಡ್ಡು ವಾಪಸ್ ಕೇಳಲ್ಲ.

ಭಾಗ 3

ಈಗ ಆ ಪೊಟ್ಟಣಕ್ಕೆ ವಾಪಸ್ ಬರೋಣ. ಚಿಕ್ಕಪ್ಪನಿಗೆ ಕಚ್ಚಿದ್ದು ರಸೆಲ್ಸ್ ವೈಪರ್, ಡಬೋಯಾ ರಸೆಲಿಯೈ. ಡಾಕ್ಟರಿಗೆ ಖಾತ್ರಿಯಾದದ್ದು ನಮ್ಮ ಮೂರು ಹೆಸರಿಂದಲ್ಲ. ನರ್ಸ್ ಅಕ್ಕ ಒಬ್ಬರು ಹತ್ತಿರ ಬಂದು ‘ಬೆನ್ನ ಮೇಲೆ ಸರಪಳಿ ಥರ ಮಚ್ಚೆ ಇತ್ತಾ? ಶಬ್ದ ಮಾಡ್ತಾ?’ ಅಂತ ಕೇಳಿದ್ರು. ಚಿಕ್ಕಪ್ಪ ಆ ನೋವಲ್ಲೂ ‘ಕುಕ್ಕರ್ ಥರ ಬುಸ್ ಅಂತಿತ್ತಮ್ಮ’ ಅಂದ್ರು. ಅಷ್ಟೇ. ಮಚ್ಚೆ, ಶಬ್ದ, ಹೆಪ್ಪುಗಟ್ಟದ ರಕ್ತ.

ಯಾರೀ ರಸೆಲ್ ಅಂತ ಆಮೇಲೆ ಹುಡುಕಿದೆ. ನಾನು ಅಂದುಕೊಂಡಿದ್ದು ಬಂದೂಕು ಹಿಡಿದ ಯಾವನೋ ಬ್ರಿಟಿಷ್ ಸಾಹೇಬ ಅಂತ. ಅಲ್ಲ, ಅವನೂ ಡಾಕ್ಟರ್. ಪ್ಯಾಟ್ರಿಕ್ ರಸೆಲ್, ಸ್ಕಾಟ್ಲೆಂಡಿನವನು, 1780ರ ದಶಕದಲ್ಲಿ ವಿಶಾಖಪಟ್ಟಣದಲ್ಲಿದ್ದ. ಈಸ್ಟ್ ಇಂಡಿಯಾ ಕಂಪನಿಗೆ ನಿಸರ್ಗ ವಿಜ್ಞಾನಿಯಾಗಿ ಕೆಲಸ ಮಾಡ್ತಿದ್ದ. ಹಾವು ಕಚ್ಚಿ ಜನ ಸಾಯೋದನ್ನ ನೋಡಿ, ಯಾವುದಕ್ಕೆ ವಿಷ ಇದೆ, ಯಾವುದಕ್ಕಿಲ್ಲ ಅಂತ ಗುರುತಿಸೋ ದಾರಿ ಹುಡುಕೋಕೆ ಕೂತ. 1796ರಲ್ಲಿ ಕೋರಮಂಡಲ ತೀರದ ಹಾವುಗಳ ಮೇಲೆ ದೊಡ್ಡ ಚಿತ್ರಪುಸ್ತಕ ತಂದ.

ಆ ಪುಸ್ತಕದಲ್ಲಿ ನಂಗೆ ಇಷ್ಟ ಆದದ್ದು ಇದು. ಅವನು ಹಾವುಗಳಿಗೆ ತಾನೇ ಕೂತು ಹೆಸರು ಕಟ್ಟಲಿಲ್ಲ. ಊರಿನವರು ಹೇಳಿದ ತೆಲುಗು ಹೆಸರನ್ನ ಕೇಳಿ, ಕಿವಿಗೆ ಬಿದ್ದ ಹಾಗೆ ಇಂಗ್ಲಿಷಲ್ಲಿ ಬರೆದುಕೊಂಡ. ನಮ್ಮ ಚಿಕ್ಕಪ್ಪನಿಗೆ ಕಚ್ಚಿದ ಹಾವು ಅಲ್ಲಿ ‘ಕಾಟುಕ ರೇಕುಲ ಪೊಡ’. ಕಾಡಿಗೆ ಬಣ್ಣದ ಎಸಳಿನಂಥ ಮಚ್ಚೆ ಅನ್ನೋ ಅರ್ಥ ಬರುತ್ತೆ. ಬೆನ್ನ ಮೇಲಿನ ಆ ಕಪ್ಪು ಅಂಚಿನ ಮಚ್ಚೆ ನೋಡಿದವರಿಗೆ ಇದಕ್ಕಿಂತ ಸರಿಯಾದ ಹೆಸರು ಬೇಕಾ? ನರ್ಸ್ ಅಕ್ಕ ಕೇಳಿದ ಪ್ರಶ್ನೆ ಆ ಹೆಸರಲ್ಲೇ ಕೂತಿತ್ತು.

ಮರುವರ್ಷ, 1797ರಲ್ಲಿ, ಲಂಡನ್ನಿನ ಜಾರ್ಜ್ ಶಾ ಆ ಹಾವಿಗೆ ಲ್ಯಾಟಿನ್ ಹೆಸರು ಕೊಟ್ಟ. ಮಚ್ಚೆ ಹೋಯ್ತು, ಡಾಕ್ಟರ್ ಹೆಸರು ಬಂತು. ಅದೂ ತಪ್ಪು ಸ್ಪೆಲ್ಲಿಂಗಲ್ಲಿ! ರಸೆಲ್ ಹೆಸರಿನ ಕೊನೆಗೆ ಇಂಗ್ಲಿಷಲ್ಲಿ ಎರಡು ‘ಎಲ್’. ಅಚ್ಚಾದದ್ದು ಒಂದೇ ‘ಎಲ್’. ಆಮೇಲೆ ಎಷ್ಟೋ ಜನ ಎರಡು ‘ಎಲ್’ ಹಾಕಿ ಸರಿ ಮಾಡೋಕೆ ಹೋದ್ರು, ಆದ್ರೆ ನಿಯಮದ ಪ್ರಕಾರ ಮೊದಲು ಅಚ್ಚಾದ ರೂಪವೇ ಉಳೀಬೇಕು, ಈಗ ಉಳಿದಿರೋದು ಅದೇ. ನಮ್ಮೂರಿನ ವಿಷಯ ನೋಡಿ: 2014ರ ನವೆಂಬರ್ 1ರಂದು ಸರ್ಕಾರ ಒಂದು ಆದೇಶದಲ್ಲಿ ಇಂಗ್ಲಿಷ್ ‘ಶಿಮೊಗ’ವನ್ನ ‘ಶಿವಮೊಗ್ಗ’ ಮಾಡ್ತು. ಭದ್ರಾವತಿ ಒಂದು ಕಾಲಕ್ಕೆ ಬೆಂಕಿಪುರ ಆಗಿತ್ತು. ಊರಿನ ಹೆಸರು ತಿದ್ದಬಹುದು, ಹಾವಿನದ್ದು ತಿದ್ದೋಕಾಗಲ್ಲ.

ಆದ್ರೆ ತೆಲುಗಿನವರ ಮಾತು ಪೂರ್ತಿ ಅಳಿಸಿ ಹೋಗಲಿಲ್ಲ. ರಸೆಲ್ ಪುಸ್ತಕದಲ್ಲಿ ಹಳದಿ ಪಟ್ಟಿಯ ಇನ್ನೊಂದು ಹಾವು ಇದೆ. ಊರಿನವರು ಹೇಳಿದ್ದು ‘ಬಂಗಾರುಂ ಪಾಮು’, ಚಿನ್ನದ ಹಾವು. 1803ರಲ್ಲಿ ಫ್ರಾನ್ಸಿನ ಡೋಡಾಂ ಅದನ್ನೇ ಎತ್ತಿಕೊಂಡು ಇಡೀ ಕುಲಕ್ಕೆ ‘ಬಂಗಾರಸ್’ ಅಂತ ಹೆಸರಿಟ್ಟ. ನಮ್ಮ ಕಟ್ಟುಹಾವು, ರಾತ್ರಿ ಹಾಸಿಗೆಗೆ ಬಂದು ಕಚ್ಚಿದ್ರೂ ಗೊತ್ತಾಗಲ್ಲ ಅಂತಾರಲ್ಲ, ಅದು ಆ ಕುಲದ್ದು. ಮೈಮೇಲೆ ಚಿನ್ನದ ಬಣ್ಣ ಒಂದು ಚೂರೂ ಇಲ್ಲ. ಆದ್ರೂ ವಿಜ್ಞಾನದ ಪ್ರಕಾರ ಅದು ಬಂಗಾರದ್ದೇ! ‘ಡಬೋಯಾ’ ಅನ್ನೋದು ಹಿಂದಿಯವರ ಮಾತು, ಅಡಗಿ ಕೂರೋದು ಅಂತ. ಹಸಿರುಹಾವಿನ ಕುಲ ‘ಅಹೇತುಲ್ಲಾ’, ಸಿಂಹಳ ಭಾಷೇಲಿ ಕಣ್ಣು ಕೀಳೋದು. ನಮ್ಮಲ್ಲೂ ಚಿಕ್ಕವರಿದ್ದಾಗ ಹೆದರಿಸ್ತಿದ್ದದ್ದು ಅದೇ ಅಲ್ವಾ, ಹಸಿರುಹಾವು ಕಣ್ಣಿಗೇ ಹೊಡೆಯುತ್ತೆ ಅಂತ?

ಲ್ಯಾಟಿನ್ ಅಂತ ನಾವು ಭಯಪಡೋದರಲ್ಲಿ ಎಷ್ಟೋ ಪದ ನಮ್ಮಂಥ ಊರುಗಳ ಅಜ್ಜ ಅಜ್ಜಿಯರ ಬಾಯಿಂದ ಹೋದದ್ದು. ಹೇಳಿದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಭಾಗ 4

ಈ ಫೋಟೊ ಆಗುಂಬೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಹೋದ್ರೆ ಸಿಗುತ್ತೆ, ನಮ್ಮ ಜಿಲ್ಲೆಯೇ. ಸೂರ್ಯಾಸ್ತದ ರೀಲ್ ಮಾಡೋಕೆ ನಾವೆಲ್ಲ ಹೋಗಿದ್ದೀವಿ. ಹಾವಿನ ಕೆಲಸ ಮಾಡೋರಿಗೆ ಆಗುಂಬೆ ಅಂದ್ರೆ ಕಾಳಿಂಗ. ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಅದಕ್ಕೇ.

ಕಾಳಿಂಗನ ಇಂಗ್ಲಿಷ್ ಹೆಸರು ಕಿಂಗ್ ಕೋಬ್ರಾ. ಆದ್ರೆ ಅದು ಕೋಬ್ರಾ ಅಲ್ಲ. ನಾಗರಹಾವಿನ ಕುಲ ನಾಜಾ, ಇದರದ್ದು ಓಫಿಯೋಫೇಗಸ್, ಅಂದ್ರೆ ಹಾವು ತಿನ್ನೋದು. ಗಮನಿಸಿ, ಕನ್ನಡದಲ್ಲಿ ಈ ತಪ್ಪು ಆಗಿರಲಿಲ್ಲ. ನಾಗರ ಬೇರೆ, ಕಾಳಿಂಗ ಬೇರೆ ಅಂತ ನಮ್ಮವರು ಮೊದಲೇ ಎರಡು ಹೆಸರಿಟ್ಟಿದ್ರು. ಇಂಗ್ಲಿಷಿಂದ ತಿರುಗಿಸಿ ‘ರಾಜನಾಗರ’ ಅಂತ ಬರೆಯೋಕೆ ಶುರು ಮಾಡಿದ ಮೇಲೆ ಗೊಂದಲ ನಮ್ಮಲ್ಲಿಗೂ ಬಂತು.

1836ರಲ್ಲಿ ಥಿಯೋಡರ್ ಕ್ಯಾಂಟರ್ ಬಂಗಾಳದಲ್ಲಿ ಸಿಕ್ಕ ಹಾವನ್ನ ನೋಡಿ ‘ಹನ್ನಾ’ ಅಂತ ಹೆಸರಿಟ್ಟ. ಅಲ್ಲಿಂದ ಆಚೆ ಬಂಗಾಳದ್ದು, ಥಾಯ್ಲೆಂಡಿನದ್ದು, ಫಿಲಿಪ್ಪೀನ್ಸಿನದ್ದು, ಆಗುಂಬೆಯದ್ದು, ಎಲ್ಲಾ ಒಂದೇ ಓಫಿಯೋಫೇಗಸ್ ಹನ್ನಾ. ಒಂದೇ ಖಾತೆ, ನಾಲ್ಕು ಜನದ ದುಡ್ಡು ಅದರಲ್ಲೇ. 188 ವರ್ಷ ಹಾಗೇ ನಡೀತು.

ಆಗುಂಬೆ ಬಳಿ ಕೆಲಸ ಮಾಡೋ ಪಿ. ಗೌರಿಶಂಕರ್ ಅವರಿಗೆ ಒಮ್ಮೆ ಕಾಳಿಂಗ ಕಚ್ಚಿತ್ತು. ಥಾಯ್ಲೆಂಡಿನ ಪ್ರತಿವಿಷ ಕೊಟ್ರೂ ಅದು ಅಂದುಕೊಂಡ ಹಾಗೆ ಕೆಲಸ ಮಾಡಲಿಲ್ಲ. ಎರಡೂ ಒಂದೇ ಹಾವಾದ್ರೆ ಯಾಕೆ ಹೀಗೆ? ಅವರು ಮತ್ತು ಜೊತೆಯವರು ಬೇರೆ ಬೇರೆ ದೇಶದ ಹಾವುಗಳ ಡಿಎನ್‌ಎ ಹೋಲಿಸಿದ್ರು, ಮ್ಯೂಸಿಯಂಗಳಲ್ಲಿ ಬಾಟಲಿಯಲ್ಲಿಟ್ಟ ಹಳೇ ಹಾವುಗಳ ಪಟ್ಟಿ ಎಣಿಸಿದ್ರು. 2024ರಲ್ಲಿ ಫಲಿತಾಂಶ ಬಂತು: ಒಂದಲ್ಲ, ನಾಲ್ಕು. ಪಶ್ಚಿಮ ಘಟ್ಟದ್ದು ಬೇರೆಯೇ ಜಾತಿ. ಅದಕ್ಕೆ ಅವರು ಕೊಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಇಂಗ್ಲಿಷಲ್ಲಿ ಬರೆಯುವಾಗ ಎರಡು ‘ಎ’ ಇದೆ, ನಮ್ಮ ‘ಕಾ’ದ ದೀರ್ಘ ಹಾಗೇ ಉಳಿದಿದೆ. ಪ್ರಪಂಚದ ಯಾವ ಮೂಲೆಯ ವಿಜ್ಞಾನಿಯಾದ್ರೂ ಈ ಹಾವಿನ ಬಗ್ಗೆ ಮಾತಾಡಬೇಕಾದ್ರೆ ಈಗ ಕನ್ನಡ ಪದ ಹೇಳಲೇಬೇಕು.

ಇದನ್ನ ಓದಿದಾಗ ನಂಗೆ ಐಪಿಎಲ್ ಕಪ್ ಗೆದ್ದಷ್ಟು ಖುಷಿ ಆಯ್ತು. ಆಮೇಲೆ ನೆನಪಾಯ್ತು: ಭಾರತದಲ್ಲಿ ಸಿಗೋ ಪ್ರತಿವಿಷ ನಾಲ್ಕೇ ಹಾವಿಗೆ. ನಾಗರ, ಕಟ್ಟುಹಾವು, ರಸೆಲ್ಸ್ ವೈಪರ್, ಗರಗಸ ಮಂಡಲ. ಕಾಳಿಂಗ ಆ ಚೀಟಿಯಲ್ಲಿಲ್ಲ. ಹೆಸರು ಸಿಕ್ಕಿದೆ, ಔಷಧಿ ಇನ್ನೂ ಇಲ್ಲ.

ಅಜ್ಜಿ ಹೇಳಿದ ಆ ತರಗೆಲೆ ಹಾವು ನೆನಪಿದೆಯಾ? ಫೋನಲ್ಲಿ ಫೋಟೊಗಳನ್ನ ಒಂದೊಂದಾಗಿ ತೋರಿಸಿದೆ. ಒಂದು ಫೋಟೊಗೆ ‘ಹ್ಞಾಂ, ಇದೇ ನಮ್ಮ ಕೊಳಕುಮಂಡಲ’ ಅಂದ್ರು. ಹಿಪ್ನಾಲೆ ಹಿಪ್ನಾಲೆ, ಗೂನು ಮೂಗಿನ ಗುಳಿಮಂಡಲ. ಅದಕ್ಕೂ ನಮ್ಮ ಪ್ರತಿವಿಷ ನಾಟಲ್ಲ. ಅಂದ್ರೆ ನಮ್ಮ ಮನೆಯೊಳಗೇ, ಒಂದೇ ಹೆಸರಿನ ಎರಡು ಹಾವು. ಚಿಕ್ಕಮ್ಮನ ಕೊಳಕುಮಂಡಲಕ್ಕೆ ಔಷಧಿ ಇದೆ, ಅಜ್ಜಿಯ ಕೊಳಕುಮಂಡಲಕ್ಕಿಲ್ಲ.

ಭಾಗ 5 (ಕೊನೇದು)

ಇಷ್ಟು ಓದಿದ ಮೇಲೆ ‘ಹಾಗಾದ್ರೆ ಹಳ್ಳಿ ಹೆಸರೆಲ್ಲ ಬಿಡಿ, ಸೈಂಟಿಫಿಕ್ ನೇಮ್ ಕಲೀರಿ’ ಅಂತ ನಾನು ಹೇಳ್ತೀನಿ ಅಂದುಕೊಂಡ್ರಾ? ಬಿಎಸ್ಸಿ ಓದೋ ನನ್ನ ಫ್ರೆಂಡ್ ಅದನ್ನೇ ಅಂದ. ‘ಕೊಳಕುಮಂಡಲ ಅಂತೆ, ಏನ್ ಹೆಸರು ಮಾರಾಯ’ ಅಂತ ನಕ್ಕ. ಆಗ ನಾನೂ ನಕ್ಕಿದ್ದೆ. ಈಗ ನಗು ಬರಲ್ಲ.

ಚಿಕ್ಕಪ್ಪನನ್ನ ಆ ರಾತ್ರಿಯೇ ಶಿವಮೊಗ್ಗಕ್ಕೆ ಕರ್ಕೊಂಡು ಬಂದ್ವಿ. ಮೂತ್ರ ಕಟ್ಟಿತ್ತು. ಎರಡು ಸಲ ಡಯಾಲಿಸಿಸ್ ಆಯ್ತು. ಪಾದದ ಮೇಲೆ ಕಚ್ಚಿದ ಜಾಗ ಕಪ್ಪಾಗಿ, ಕೊಳೆತು, ಅಂಗೈ ಅಗಲ ಚರ್ಮ ತೆಗೆದ್ರು. ಡ್ರೆಸ್ಸಿಂಗ್ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಆ ವಾಸನೆಗೆ ಆಚೆ ಬಂದು ನಿಂತಾಗ ಹೊಳೀತು. ಕೊಳಕು ಅಂದ್ರೆ ಗಲೀಜು ಹಾವು ಅಂತಲ್ಲ. ಕಚ್ಚಿದ ಜಾಗ ಕೊಳೆಯುತ್ತೆ ಅಂತ. ಚಿಕ್ಕಮ್ಮನನ್ನ ಕೇಳಿದೆ, ‘ಮತ್ತೇನು, ಅದಕ್ಕೇ ಹಾಗಂತಾರೆ’ ಅಂದ್ರು. ಉರಿಮಂಡಲ ಅಂದ್ರೆ ಉರಿಯೋದು. ಯಾರೋ ಯಾವತ್ತೋ ಹೀಗೇ ಮನೆಯವರ ಪಕ್ಕ ಕೂತು, ಏನಾಗುತ್ತೆ ಅಂತ ನೋಡಿ, ಅದನ್ನೇ ಹೆಸರು ಮಾಡಿದ್ದಾರೆ. ರಸೆಲಿಯೈ ಅನ್ನೋದರಲ್ಲಿ ಅದು ಇದೆಯಾ? ಇಲ್ಲ. ಗರಗಸ ಮಂಡಲದ್ದು ಎಕಿಸ್ ಕ್ಯಾರಿನೇಟಸ್, ಅಂದ್ರೆ ಹುರುಪೆ ಮೇಲೆ ಏಣು ಇರೋದು. ಮ್ಯೂಸಿಯಂನಲ್ಲಿ ಸತ್ತ ಹಾವನ್ನ ಕೈಯಲ್ಲಿ ಹಿಡಿದು ಬೆನ್ನು ಸವರಿ ನೋಡಿದವನಿಗೆ ಸಿಗೋ ಗುರುತು ಅದು.

ಹಳ್ಳಿ ಹೆಸರಿನ ಕಷ್ಟ ಇರೋದು, ಊರಿನ ಗಡಿ ದಾಟಿದ ತಕ್ಷಣ ಅದು ಇನ್ನೊಂದು ಹಾವಿನ ಮೇಲೆ ಹೋಗಿ ಕೂರುತ್ತೆ. ಭದ್ರಾವತಿಗೂ ತೀರ್ಥಹಳ್ಳಿಗೂ ಎಷ್ಟು ದೂರ ಮಹಾ? ಒಂದು ಮದುವೆ ಆದ್ರೆ ಸಾಕು, ಒಂದೇ ಅಡುಗೆಮನೇಲಿ ಎರಡು ಡಿಕ್ಷನರಿ. ವೈಜ್ಞಾನಿಕ ಹೆಸರೂ ಬದಲಾಗುತ್ತೆ. ರಸೆಲ್ ಹಾವು ಮೊದಲು ಕೊಲ್ಯೂಬರ್, ಆಮೇಲೆ ವೈಪೆರಾ, ಈಗ ಡಬೋಯಾ. ಆದ್ರೆ ಅಲ್ಲಿ ಪ್ರತಿ ಬದಲಾವಣೆಗೂ ಜರ್ನಲ್ ಎಂಟ್ರಿ ಇದೆ. ಯಾರು, ಯಾವಾಗ, ಯಾಕೆ. ನಮ್ಮ ಹೆಸರುಗಳಿಗೆ ಲೆಡ್ಜರ್ ಇಟ್ಟವರು ಕಮ್ಮಿ. ಅಜ್ಜಿಗೆ ಹತ್ತು ಹನ್ನೆರಡು ಹಾವಿನ ಹೆಸರು ಗೊತ್ತು. ಅಮ್ಮನಿಗೆ ಐದಾರು. ನಂಗೆ ಆ ಸಂಜೆ ಗೊತ್ತಿದ್ದದ್ದು ನಾಗರ, ಕೇರೆ, ಹೆಬ್ಬಾವು ಮೂರೇ. ಮಿಕ್ಕಿದ್ದೆಲ್ಲ ‘ಸ್ನೇಕ್’.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ವರದಿ ಬರೆಯುವಾಗ ಹಾವಿನ ಹೆಸರಿನ ಜಾಗದಲ್ಲಿ ಏನು ಬರೀತಾರೋ, ಅದು ನಾವು ಬಾಯಲ್ಲಿ ಏನು ಹೇಳ್ತೀವಿ ಅನ್ನೋದರ ಮೇಲೂ ನಿಂತಿದೆ.

ಕಚ್ಚಿದ್ರೆ ಏನು ಮಾಡಬೇಕು ಅಂತ ತುಂಬಾ ಜನ ಡಿಎಂ ಮಾಡಿದ್ರಿ. ಹೆಸರು ಹುಡುಕೋಕೆ ನಿಲ್ಲಬೇಡಿ, ನಾವು ನಿಂತು ಕೆಟ್ಟೆವು. ಹಾವು ಹಿಡಿಯೋಕೆ, ಹೊಡೆಯೋಕೆ ಹೋಗಬೇಡಿ. ಗಾಯ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಅರಿಶಿನ ಅಡುಗೆಮನೇಲೇ ಇರಲಿ. ಕಾಲು ಅಲ್ಲಾಡಿಸದ ಹಾಗೆ ಸೀದಾ ಪ್ರತಿವಿಷ ಇರೋ ಆಸ್ಪತ್ರೆಗೆ. ಅಲ್ಲಿ ‘ಮಂಡಲ’ ಅಂತ ಹೇಳೋದರ ಜೊತೆ ನೋಡಿದ್ದನ್ನ ಹೇಳಿ: ಎಷ್ಟು ಉದ್ದ, ಮಚ್ಚೆ ಹೇಗಿತ್ತು, ಶಬ್ದ ಮಾಡ್ತಾ.

ಚಿಕ್ಕಪ್ಪ ಈಗ ತೋಟಕ್ಕೆ ಗಂಬೂಟ್ ಹಾಕ್ಕೊಂಡು ಹೋಗ್ತಾರೆ. ಸಂಜೆ ಹೊತ್ತಿಗೆ ಪಾದ ಇನ್ನೂ ಊದುತ್ತೆ. ಹೊರೆ ತಲೆ ಮೇಲೆ ಹೊರೋದು ಬಿಟ್ಟಿದ್ದಾರೆ, ಗಾಡೀಲಿ ತರ್ತಾರೆ. ಅಜ್ಜಿ ಮಾತ್ರ ಸೋತಿಲ್ಲ. ‘ಅದು ನಿಮ್ಮ ಕಡೆ ಕೊಳಕುಮಂಡಲ ಇರಬಹುದು, ನಮ್ಮ ಕಡೆ ಅಲ್ಲ’ ಅಂತ ಮೊನ್ನೆಯೂ ಅಂದ್ರು.

ನಾನೊಂದು ಎಕ್ಸೆಲ್ ಶೀಟ್ ಶುರು ಮಾಡಿದ್ದೀನಿ, ಬಿಕಾಂನವರಿಗೆ ಬರೋದು ಅದೇ ತಾನೆ. ಮೊದಲ ಕಾಲಂ ಊರು, ಎರಡನೇದು ಅಲ್ಲಿಯ ಹೆಸರು, ಮೂರನೇದು ನೋಡೋಕೆ ಹೇಗಿರುತ್ತೆ, ನಾಲ್ಕನೇದು ವೈಜ್ಞಾನಿಕ ಹೆಸರು. ನಾಲ್ಕನೇ ಕಾಲಂ ತುಂಬೋಕೆ ಆ ಬಿಎಸ್ಸಿ ಫ್ರೆಂಡನ್ನೇ ಹಿಡಿದು ಕೂರಿಸಿದ್ದೀನಿ. ಇದುವರೆಗೆ 23 ಸಾಲು ಆಗಿದೆ, ಅದರಲ್ಲಿ ಆರು ಸಾಲು ‘ಕೊಳಕುಮಂಡಲ’. ಕೊನೇ ಫೋಟೊ ಆ ಶೀಟಿನದ್ದೇ. ಇವತ್ತು ಮನೇಲಿ ಅಜ್ಜನೋ ಅಜ್ಜಿಯೋ ಇದ್ರೆ ಕೇಳಿ, ಊರಿನ ಹೆಸರು ಸಮೇತ ಕಾಮೆಂಟಲ್ಲಿ ಬರೀರಿ. ಹೊಳೆಹೊನ್ನೂರು, ಹೊಸನಗರ, ಸೊರಬದಿಂದ ಇನ್ನೂ ಒಂದೂ ಬಂದಿಲ್ಲ.